ಸೊನ್ನೆ ಪುಸ್ತಕದ ಊರು

ಹೆವೊನ್‌ಪೊ ಬಂದರು
ನವೆಂಬರ್ ೨೧, ಮಂಗಳವಾರ

ನನ್ನ ಮುದ್ದಿನ ಮಗ ಇನ್‌ಗ್ಯುವಿಗೆ,

ಹೇಗಿದ್ದೀಯಪ್ಪಾ? ಎದೆಯುರಿ ಕಡಿಮೆಯಾಯಿತೇ? ಕಚೇರಿಯ ಊಟದ ಕೂಟಗಳಲ್ಲಿ ಮೇಲಧಿಕಾರಿ ಬಗ್ಗಿಸಿದ ಹೆಂಡವನ್ನೆಲ್ಲ ಎರಡು ಕೈಯೊಡ್ಡಿ ತೆಗೆದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯುವ ನಿನ್ನ ವಿನಯವನ್ನು ಸ್ವಲ್ಪ ಹಿಡಿತದಲ್ಲಿಡು. ಆ ವಿನಯದಿಂದ ಬಡ್ತಿ ಬರುವುದು ನಿನಗೆ, ಹುಣ್ಣು ಬರುವುದು ನಿನ್ನ ಕರುಳಿಗೆ. ಸೊಸೆಯ ಮಣಿಕಟ್ಟಿನ ನೋವು ಹೇಗಿದೆ? ಮೊಮ್ಮಗಳು ಸೊಲ್‌ಬಿ ಶಾಲೆ ಮುಗಿಸಿ, ಟ್ಯೂಷನ್ ಮುಗಿಸಿ, ಪಿಯಾನೊ ಮುಗಿಸಿ ಮನೆ ಸೇರುವ ಹೊತ್ತಿಗೆ ಆ ಮಗುವಿನಲ್ಲಿ ಏನಾದರೂ ಉಳಿದಿರುತ್ತದೆಯೇ? ನನ್ನ ಮಂಡಿ ಇದ್ದ ಹಾಗೇ ಇದೆ. ಮೆಟ್ಟಿಲು ಹತ್ತುವಾಗ ಅದು ಒಂದು ಮಾತು ಬೈಯುತ್ತದೆ, ನಾನು ಎರಡು ಬೈಯುತ್ತೇನೆ. ಈ ವರ್ಷದ ಕಿಮ್ಚಿ ಹಾಕಿ ಮುಗಿಸಿದೆವು. ಎಲೆಕೋಸು ಗಟ್ಟಿಯಾಗಿತ್ತು, ಮೆಣಸಿನಪುಡಿ ಮಾತ್ರ ಹೋದ ವರ್ಷದಷ್ಟು ಕೆಂಪಿಲ್ಲ. ನಾಳೆ ಬೆಳಿಗ್ಗೆ ನನ್ನ ಬಂದರಿನ ಗೆಳತಿ ಡೊಕ್‌ಸಿಲ್‌ಳ ಗಂಡ ಮೀನಿನ ವ್ಯಾನಿನಲ್ಲಿ ಜಿಲ್ಲಾ ಪಟ್ಟಣಕ್ಕೆ ಬರುತ್ತಾನೆ, ಡಬ್ಬವನ್ನೂ ಈ ಪತ್ರವನ್ನೂ ನಿಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನ ಕೈಗೆ ಕೊಡುತ್ತಾನೆ. ಮೇಲಿನದನ್ನು ಈಗ ತಿನ್ನಿ, ಅಡಿಯದನ್ನು ಹೊಸ ವರ್ಷ ಕಳೆಯುವ ತನಕ ಮುಟ್ಟಬೇಡಿ. ಮೂಲಂಗಿಯದು ಸೊಲ್‌ಬಿಗೆ, ಅದಕ್ಕೆ ಖಾರ ಕಡಿಮೆ ಹಾಕಿದ್ದೇನೆ.

ಕುಶಲ ಮುಗಿಯಿತು. ಈಗ ಪರದೆ ಏಳಲಿ. ಫೋನು ಇರುವಾಗ ಪತ್ರ ಯಾಕೆ ಎಂದು ನೀನು ಹುಬ್ಬು ಗಂಟಿಕ್ಕುತ್ತೀಯೆಂದು ನನಗೆ ಗೊತ್ತು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಗೊಡುವುದಿಲ್ಲ. ನಾನು ಮೊದಲನೆಯ ಅಂಕದಲ್ಲಿರುವಾಗಲೇ "ಆಯ್ತಮ್ಮ, ಸರಿಯಮ್ಮ, ಸಭೆ ಇದೆಯಮ್ಮ" ಎಂದು ಮಂಗಳ ಹಾಡಿಬಿಡುತ್ತೀಯ. ಕಾಗದ ನನ್ನ ರಂಗಸ್ಥಳ. ಇಲ್ಲಿ ನಾನು ಹೇಳುವಷ್ಟು ಹೇಳುತ್ತೇನೆ, ನೀನು ಕೂತು ಕೇಳಬೇಕು. ಎದ್ದು ಹೋದರೆ ಹೋಗು, ಆದರೆ ಈ ಹಾಳೆ ಮೇಜಿನ ಮೇಲೇ ಇರುತ್ತದೆ, ಬಂದ ಮೇಲೆ ಮತ್ತೆ ಇದೇ ಸಾಲಿನಿಂದ ಶುರುವಾಗುತ್ತದೆ.

ಹೋದ ವಾರ ಬಸ್ಸು ನಿಲ್ದಾಣದಲ್ಲಿ ಒಂದು ಬ್ಯಾನರು ಕಟ್ಟಿದ್ದಾರೆ. ನೋಡಿದ್ದೀಯಲ್ಲ, ಜಿಲ್ಲಾ ಕಚೇರಿಯಿಂದ ಕಟ್ಟಿಸಿದವನೇ ನೀನು. "ಜಿಲ್ಲೆಯ ಅತ್ಯುತ್ತಮ ಓದುವ ಹಳ್ಳಿ: ಸೊಂಗ್‌ಮೊಕ್. ತಲೆಗೆ ವರ್ಷಕ್ಕೆ ಮೂವತ್ತೊಂದು ಪುಸ್ತಕ." ಕೆಳಗೆ ಪಟ್ಟಿಯಲ್ಲಿ ಎಲ್ಲ ಊರುಗಳ ಹೆಸರು. ಎಲ್ಲಕ್ಕಿಂತ ಕೆಳಗೆ, ತುಳಿಯುವವರ ಕಾಲಿಗೆ ಸಿಗುವ ಹಾಗೆ, ಹೆವೊನ್‌ಪೊ. ಸೊನ್ನೆ. ಸೊನ್ನೆ ಎಂದು ಸುಮ್ಮನೆ ಬಿಟ್ಟಿದ್ದರೂ ಆಗುತ್ತಿತ್ತು. ಸೊನ್ನೆ, ಚುಕ್ಕೆ, ಸೊನ್ನೆ ಎಂದು ಬರೆಸಿದ್ದೀಯ, ಒಂದು ಸೊನ್ನೆಗೆ ನಾಚಿಕೆ ಸಾಲದೇ ಹೋದರೆ ಇನ್ನೊಂದು ಇರಲಿ ಎಂದು. ಸೊಂಗ್‌ಮೊಕ್‌ನವರ ಓದನ್ನು ನಾನು ಬಲ್ಲೆ. ಡೊಕ್‌ಸಿಲ್‌ಳ ತಂಗಿಯನ್ನು ಕೊಟ್ಟಿರುವುದು ಅಲ್ಲಿಗೇ. ಜಿಲ್ಲೆಯ ಪುಸ್ತಕದ ಬಸ್ಸು ಬಂದಾಗ ಅಲ್ಲಿನ ಮುಖಂಡ ಮನೆಗೊಂದು ಕಟ್ಟಿನಂತೆ ಇಳಿಸಿಕೊಳ್ಳುತ್ತಾನೆ, ಹುಟ್ಟಿದ ಮಗುವಿನ ಹೆಸರಿಗೂ ಒಂದು ಕಟ್ಟು. ಎರಡು ವಾರ ಜಗುಲಿಯ ಮೇಲೆ ಇಡುತ್ತಾರೆ. ಬಸ್ಸು ಮತ್ತೆ ಬಂದಾಗ, ಕಟ್ಟಿದ ದಾರದ ಗಂಟು ಬಿಚ್ಚದೆ ಹಿಂದಕ್ಕೆ ಏರಿಸುತ್ತಾರೆ. ತಂಗಿ ಹೇಳಿದಳಂತೆ, "ಅಕ್ಕಾ, ಅದ್ರ ಮೇಲೆ ಮೆಣಸಿನಕಾಯಿ ಒಣಗ್ಸೋಕೆ ಚೆನ್ನಾಗಿರುತ್ತೆ, ನೆಲದ ತೇವ ತಾಗಲ್ಲ." ಆ ಮೆಣಸಿನಕಾಯಿಗೆ ನೀನು ಕೈಕುಲುಕಿ ಫಲಕ ಕೊಟ್ಟಿದ್ದೀಯ. ಜಿಲ್ಲಾ ಪತ್ರಿಕೆಯಲ್ಲಿ ನಿನ್ನ ಫೋಟೊ ಚೆನ್ನಾಗಿ ಬಂದಿದೆ. ಟೈ ನೆಟ್ಟಗಿತ್ತು.

ನಿನ್ನ ಕಡತದಲ್ಲಿ ನಮ್ಮ ಓದುಮನೆಗೆ "ಬಳಕೆಯಿಲ್ಲದ ಕೊಠಡಿ" ಎಂದು ಬರೆದಿದೆಯಂತೆ. ಬಳಕೆ ಎಂದರೆ ಏನೆಂದು ಹೇಳುತ್ತೇನೆ ಕೇಳು. ಮೀನುಗಾರರ ಸಹಕಾರ ಸಂಘದ ಮೇಲಿನ ಮಹಡಿ, ಕೆಳಗೆ ಮಂಜುಗಡ್ಡೆ ಪುಡಿಮಾಡುವ ಯಂತ್ರ, ಮೇಲೆ ಬೆಚ್ಚಗಿನ ನೆಲ, ಎರಡು ಗೋಡೆ ಪುಸ್ತಕ. ಬೆಳಗಿನ ಜಾವ ದೋಣಿ ಬಂದರೆ ಹನ್ನೆರಡು ಜನ ಹೆಂಗಸರು ಕುಕ್ಕರಗಾಲಲ್ಲಿ ಕೂತು, ಮಸಿ ಕಾರುವ ಬೊಂಡಾಸ್ ಮೀನಿನ ಹೊಟ್ಟೆ ಸೀಳುತ್ತಾರೆ, ತೊಳೆಯುತ್ತಾರೆ, ಕಡ್ಡಿಗೆ ಪೋಣಿಸಿ ಗಾಳಿಗೆ ಕಟ್ಟುತ್ತಾರೆ. ಮಧ್ಯಾಹ್ನದ ಊಟವಾದ ಮೇಲೆ ನಾವೆಲ್ಲ ಮೆಟ್ಟಿಲು ಹತ್ತಿ ಓದುಮನೆಗೆ ಹೋಗುತ್ತಿದ್ದೆವು. ಹೋಗುವ ಮೊದಲು ಎಲ್ಲರೂ ಕೈಗೆ ಟೂತ್‌ಪೇಸ್ಟು ಉಜ್ಜಿ ತೊಳೆಯುತ್ತಿದ್ದರು. ಆದರೂ ಒಬ್ಬಳೂ ಪುಸ್ತಕ ಮುಟ್ಟುತ್ತಿರಲಿಲ್ಲ. "ಈ ಕೈಲಿ ಮುಟ್ಟಿದ್ರೆ ಮುಂದೆ ಓದೋರು ಮೂಗು ಮುಚ್ಕೋತಾರೆ" ಎಂಬ ಸಂಕೋಚ. ಮನೆಗೆ ಒಯ್ಯುವ ಮಾತಂತೂ ದೂರ. ಆದ್ದರಿಂದ ಎರವಲು ಪಡೆದವರ ಕಾಲಂ ಖಾಲಿ. ನಾನು ಮೀನು ಸೀಳುವುದಿಲ್ಲ, ಒಣಗಿದ್ದನ್ನು ಹಿಗ್ಗಿಸಿ ಕಟ್ಟು ಕಟ್ಟುವವಳು, ನನ್ನ ಕೈ ಅಷ್ಟು ನಾರುವುದಿಲ್ಲ. ಹಾಗಾಗಿ ಪುಟ ತಿರುಗಿಸುವವಳು ನಾನು. ಓದುವವಳು ನಾನು.

ಹೇಗೆ ಓದುತ್ತೇನೆಂದು ನಿನಗೆ ಹೇಳಬೇಕೇ? ಎಂಟು ವರ್ಷಕ್ಕೆ ಹೆಂಗಸರ ನಾಟಕ ಕಂಪನಿ ಸೇರಿದವಳು ನಾನು. ಮೀಸೆ ಅಂಟಿಸಿಕೊಂಡು ಸೇನಾಪತಿಯಾದೆ, ಕಿರೀಟ ಇಟ್ಟು ರಾಜಕುಮಾರನಾದೆ. ಮೈಕು ಕಾಣದ ಡೇರೆಗಳಲ್ಲಿ, ಕೊನೆಯ ಸಾಲಿನಲ್ಲಿ ಒಣ ಬೊಂಡಾಸ್ ಜಗಿಯುತ್ತ ಕೂತವನ ದವಡೆ ನಿಲ್ಲುವ ಹಾಗೆ ಮಾತಾಡಬೇಕಿತ್ತು. ಆ ಗಂಟಲಿನಿಂದ ಓದುತ್ತೇನೆ. ಅತ್ತೆಯ ಮಾತಿಗೆ ಅತ್ತೆಯ ದನಿ, ಕಳ್ಳನ ಮಾತಿಗೆ ಕಳ್ಳನ ದನಿ, ಬಿರುಗಾಳಿಗೆ ಬಿರುಗಾಳಿಯದು. ಹೋದ ವರ್ಷ ಕಪಾಟಿನ ಮೂಲೆಯಿಂದ ಮೂರು ಸಂಪುಟದ ಒಂದು ಕಾದಂಬರಿ ತೆಗೆದೆವು. ಬರೆದವನ ಹೆಸರು ಯಾರೂ ಕೇಳಿದ್ದಿಲ್ಲ. ಅಚ್ಚುಹಾಕಿದ ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿದೆ. ಉಪ್ಪಿನ ಗದ್ದೆಯ ಒಬ್ಬ ಹೆಂಗಸಿನ ಕಥೆ. ಗಂಡ ಸತ್ತವಳು, ಅತ್ತೆ ಮುಳ್ಳಿನಂಥವಳು, ಒಬ್ಬನೇ ಮಗ ಹದಿನೇಳಕ್ಕೆ ಹಡಗು ಹತ್ತಿ ಹೋದವನು ಹಿಂದಿರುಗುವುದಿಲ್ಲ. ಅವಳು ದಿನಾ ಒಂದು ಬಟ್ಟಲು ಅನ್ನ ಮುಚ್ಚಿ ಕಂಬಳಿಯೊಳಗೆ ಬೆಚ್ಚಗಿಡುತ್ತಾಳೆ. ಬರುತ್ತಾನೋ ಇಲ್ಲವೋ, ಅದೇ ಕಥೆ.

ಎರಡೂವರೆ ಸಂಪುಟಕ್ಕೆ ಒಂದು ವರ್ಷ ಹಿಡಿಯಿತು. ಸೊಂಗ್‌ಮೊಕ್‌ನವರು ಆ ಹೊತ್ತಿಗೆ ತಲೆಗೆ ಮೂವತ್ತೊಂದು ಪುಸ್ತಕದ ಮೇಲೆ ಮೆಣಸಿನಕಾಯಿ ಒಣಗಿಸಿದ್ದರು. ನಮಗೆ ವರ್ಷ ಹಿಡಿದದ್ದು ನಿಧಾನಕ್ಕಲ್ಲ ಕಣೋ, ಜಗಳಕ್ಕೆ. ಅತ್ತೆ ಸೊಸೆಯ ಮುಡಿಗೆ ಸಿಕ್ಕಿಸುವ ಬೆಳ್ಳಿ ಕಡ್ಡಿ ಮಾರಿದ ಪುಟಕ್ಕೆ ಬಂದಾಗ ಡೊಕ್‌ಸಿಲ್ ನನ್ನ ಕೈ ಹಿಡಿದು ನಿಲ್ಲಿಸಿದಳು. "ತಡಿ ಇನ್‌ಗ್ಯು ಅಮ್ಮ, ಓದ್ಬೇಡ. ನಾನು ಈ ಮುದುಕಿಗೆ ಎರಡು ಮಾತು ಹೇಳ್ಬೇಕು." ಹೇಳಿದಳು ನೋಡು, ಆ ಮಧ್ಯಾಹ್ನ ಪೂರ್ತಿ. ಸತ್ತು ಮಣ್ಣಾದ ತನ್ನ ಅತ್ತೆಗೆ ಹೇಳಬೇಕಾದದ್ದನ್ನೂ ಅದರಲ್ಲೇ ಸೇರಿಸಿದಳು. ಇನ್ನೊಬ್ಬಳು ಅತ್ತೆಯ ಪರ ವಹಿಸಿದಳು, ಬರಗಾಲದಲ್ಲಿ ಅನ್ನಕ್ಕೆ ತಾನೇ ಮಾರಿದ್ದು ಎಂದು. ಇಬ್ಬರಿಗೂ ಮೂರು ದಿನ ಮಾತಿಲ್ಲ. ಪುಸ್ತಕ ಮುಂದೆ ಹೋಗಲಿಲ್ಲ, ಏಕೆಂದರೆ ಒಬ್ಬಳು ಬರದಿದ್ದರೂ ಓದುವ ಹಾಗಿಲ್ಲ ಎಂಬುದು ನಮ್ಮ ಕಟ್ಟಳೆ.

ಬೊಂಗ್‌ಸುನ್ ಅಕ್ಕ ಮಾತ್ರ ಜಗಳಕ್ಕೆ ಬರುತ್ತಿರಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿ ಕೇಳುವಳು. ನಿದ್ದೆ ಮಾಡ್ತಿದ್ದಾಳೆ ಎಂದು ನಾನು ಒಂದು ಸಾಲು ಹಾರಿಸಿದರೆ ತಕ್ಷಣ "ಏನೋ ಬಿಟ್ಟೆ" ಎನ್ನುವಳು. ಅನ್ನದ ಬಟ್ಟಲು ಮುಚ್ಚುವ ಪುಟ ಬಂದ ದಿನ ಅವಳು ಕಣ್ಣು ತೆರೆಯದೆಯೇ "ಇನ್ನೊಂದ್ಸಲ" ಎಂದಳು. ಓದಿದೆ. "ಇನ್ನೊಂದ್ಸಲ." ಮತ್ತೆ ಓದಿದೆ. ಕೆಳಗೆ ಮಂಜುಗಡ್ಡೆಯ ಯಂತ್ರ ನಿಂತಿತು, ಬಂದರಿನ ಕೂಗಾಟ ನಿಂತಿತು, ನಾನು ಅದೇ ಪುಟ ಓದುತ್ತಲೇ ಇದ್ದೆ. ಒಬ್ಬಳೂ ಸಾಕು ಎನ್ನಲಿಲ್ಲ. ಅವಳ ಮಗ ಹೋದ ದೋಣಿಯ ಹಲಗೆಯೂ ಸಿಕ್ಕಲಿಲ್ಲವಲ್ಲ, ನೀನು ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಆಮೇಲೆ ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ಕೇಳಿದಳು, "ಆ ಹುಡುಗ ಬರ್ತಾನಾ? ನೀನು ಮುಂದಕ್ಕೆ ಕದ್ದು ಓದಿದ್ದೀಯಾ?" ಇಲ್ಲವೆಂದೆ. "ಓದ್ಬೇಡ ಮತ್ತೆ. ನಿನ್ನ ಮುಖ ನೋಡಿದ್ರೆ ನಂಗೆ ಗೊತ್ತಾಗಿ ಹೋಗುತ್ತೆ" ಎಂದಳು. ನಾನು ಓದಲಿಲ್ಲ. ಕೊನೆಯ ಸಂಪುಟದ ಅರ್ಧ ಉಳಿದಿತ್ತು. ಆ ಅರ್ಧ ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ನಿನ್ನ ಸಮೀಕ್ಷೆಯ ಪ್ರವೇಶ. ಸೆಪ್ಟೆಂಬರಿನಲ್ಲಿ ನೀನು ಕಳಿಸಿದ ಹುಡುಗಿ ಬಂದಳು, ಎದೆಗೆ ಟ್ಯಾಬ್ಲೆಟ್ ಅವಚಿಕೊಂಡು, ಬಿಳಿ ಬೂಟಿಗೆ ಮೀನಿನ ಮಸಿ ತಾಗೀತೆಂದು ತುದಿಗಾಲಲ್ಲಿ. ಒಳ್ಳೆಯ ಮಗು, ಅವಳ ಮೇಲೆ ನನಗೆ ಸಿಟ್ಟಿಲ್ಲ. "ಅಜ್ಜಿ, ಹೋದ ಒಂದು ವರ್ಷದಲ್ಲಿ ಎಷ್ಟು ಪುಸ್ತಕ ಓದಿದ್ರಿ?" ಎಂದಳು. ಡೊಕ್‌ಸಿಲ್ ಚಾಕು ಎತ್ತಿ, "ಯಾರಿಗೆ ಅಜ್ಜಿ ಅಂತೀಯ? ನಂಗಿನ್ನೂ ಅರವತ್ತೆಂಟು. ನಾನು ಓದೋದು ತಕ್ಕಡಿ ಮುಳ್ಳು ಮಾತ್ರ, ಅದೂ ಗಿರಾಕಿ ಕಡೆಗೆ ತಿರುಗಿದ್ರೆ ಓದಲ್ಲ" ಎಂದಳು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಹುಡುಗಿ ಅದಕ್ಕೂ ಏನೋ ಒತ್ತಿದಳು. ಸೊನ್ನೆ. ಆಮೇಲೆ ಬೊಂಗ್‌ಸುನ್ ಅಕ್ಕನ ಸರದಿ. ಅವಳು ಕೈ ಒರೆಸಿಕೊಂಡು, ತೀರ್ಪು ಹೇಳುವವಳ ಹಾಗೆ ನಿಂತು ಹೇಳಿದಳು: "ಓದಿದ್ದು ನಾನಲ್ಲ ತಾಯಿ. ಓದಿದ್ದು ಇವಳು, ಇನ್‌ಗ್ಯು ಅಮ್ಮ. ಇವಳು ಗಂಟಲು ಹರ್ಕೊಂಡು ಓದಿದ್ದನ್ನ ನನ್ನ ಹೆಸರಿಗೆ ಬರೆಸ್ಕೊಂಡ್ರೆ ಅದು ಕಳ್ಳತನ ಆಗುತ್ತೆ. ನಂದು ಏನೂ ಇಲ್ಲ ಅಂತ ಬರ್ಕೋ." ಅವಳು ಹಿರಿಯಳು. ಹಿರಿಯಳು ಕೈ ಹಿಂದಕ್ಕೆ ಎಳೆದುಕೊಂಡ ಮೇಲೆ ಉಳಿದವರು ಚಾಚುವುದುಂಟೇ? "ನಂದೂ ಇಲ್ಲ", "ನಂದೂ ಇಲ್ಲ", ಸಾಲಿಗೆ ಸಾಲು ಸೊನ್ನೆ. ನನ್ನ ಮರ್ಯಾದೆಗೆ ಅವರು ತಮ್ಮ ವರ್ಷವನ್ನೇ ಬಿಟ್ಟುಕೊಟ್ಟರು. ಪಕ್ಕದಲ್ಲಿ ನಿಂತು ನಾನು, ನಿನ್ನ ದಡ್ಡ ತಾಯಿ, ಎದೆಯುಬ್ಬಿಸಿಕೊಂಡು ಕೇಳುತ್ತಿದ್ದೆ.

ನನ್ನ ಸರದಿ ಬಂದಾಗ, ಬರೆದುಕೋ ಮಗಳೇ, ಈ ಊರಿನ ಓದೆಲ್ಲ ಇಲ್ಲಿದೆ ಎಂದು ಗಂಟಲು ಮುಟ್ಟಿ ತೋರಿಸಿದೆ. "ಮುಗಿಸಿದ್ರಾ?" ಎಂದಳು. ಕೊನೆಯ ಅರ್ಧ ಸಂಪುಟ ಬಾಕಿ ಎಂದೆ. "ಮೂರೂ ಸೇರಿ ಒಂದು ಪುಸ್ತಕ ಅಜ್ಜಿ. ಪೂರ್ತಿ ಮುಗಿಸಿದ್ರೆ ಮಾತ್ರ ಲೆಕ್ಕ" ಎಂದು ತಲೆ ಬಗ್ಗಿಸಿದಳು. ನನ್ನ ಸಪ್ಪೆ ಮುಖ ನೋಡಿ ಪಾಪ ಇನ್ನೊಂದು ದಾರಿ ಹುಡುಕಿದಳು. "ಕಿವಿಲಿ ಕೇಳಿದ್ರೂ ಓದಿದ ಹಾಗೇನೇ. ಫೋನಲ್ಲಿ ಆಡಿಯೊ ಪುಸ್ತಕ ಕೇಳಿದ್ದೀರಾ ಯಾರಾದ್ರೂ?" ಡೊಕ್‌ಸಿಲ್ ನನ್ನ ಭುಜ ತಟ್ಟಿ, "ಇವಳೇ ನಮ್ಮ ಆಡಿಯೊ. ಚಾರ್ಜು ಹಾಕೋದೂ ಬೇಡ, ಒಂದು ಬಟ್ಟಲು ಅಕ್ಕಿ ಹೆಂಡ ಹಾಕಿದ್ರೆ ಸಾಕು" ಎಂದಳು. ಹುಡುಗಿ ಬೆರಳಲ್ಲಿ ಮೇಲೆ ಕೆಳಗೆ ಹುಡುಕಿ, ಕೆಂಪಾಗಿ ಹೇಳಿದಳು: "ಮನುಷ್ಯರು ಓದಿದ್ದಕ್ಕೆ ಖಾನೆ ಇಲ್ಲ ಅಜ್ಜಿ."

ಆ ಮಾತನ್ನು ನಾನು ಮಲಗುವಾಗಲೂ ಜಗಿಯುತ್ತೇನೆ, ಏಳುವಾಗಲೂ ಜಗಿಯುತ್ತೇನೆ. ಯಂತ್ರ ಓದಿ ಒಬ್ಬ ಒಂಟಿಯಾಗಿ ಕಿವಿಗೆ ಸಿಕ್ಕಿಸಿಕೊಂಡು, ಪಾತ್ರೆ ತೊಳೆಯುತ್ತ, ಬಸ್ಸಿನಲ್ಲಿ ತೂಕಡಿಸುತ್ತ ಕೇಳಿದರೆ ಅದು ಓದು. ಹನ್ನೆರಡು ಹೆಂಗಸರು ಒಂದೇ ನೆಲದ ಮೇಲೆ ಕೂತು, ಅತ್ತು, ಬೈದು, ಮೂರು ದಿನ ಮಾತುಬಿಟ್ಟು ಕೇಳಿದರೆ ಅದು ಸೊನ್ನೆ. ಈ ಖಾನೆಗಳನ್ನು ಗೀಚಿದವನು ಯಾರು? ಸಂಸ್ಕೃತಿ ವಿಭಾಗದ ಮುಖ್ಯಸ್ಥ. ಅವನನ್ನು ಹೆತ್ತವಳು ಯಾರು? ಈ ಮಹಾತಾಯಿ. ಚಪ್ಪಾಳೆ.

ಸುಗ್ಗಿಯ ಹಬ್ಬಕ್ಕೆ ನೀವು ಬಂದಾಗ ಸೊಲ್‌ಬಿ ತನ್ನ ಓದಿನ ಹಾಳೆ ತೋರಿಸಿದಳು, ನೆನಪಿದೆಯೇ? ನೂರು ಪುಸ್ತಕಕ್ಕೆ ನೂರು ನಕ್ಷತ್ರದ ಸ್ಟಿಕರು. ಅದರಲ್ಲಿ ಒಂದರ ಕಥೆ ಹೇಳು ಕಂದಾ ಎಂದೆ. ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, "ಯಾವುದೂ ಪೂರ್ತಿ ನೆನಪಿಲ್ಲ ಅಜ್ಜಿ, ಎಣಿಕೆಗೆ ಓದಿದ್ದು" ಎಂದಳು. ನೀನು ಹೆಮ್ಮೆಯಿಂದ ನಕ್ಕೆ. ನಾನೂ ನಕ್ಕೆ, ಹಬ್ಬದ ದಿನ ಮುಖ ಕೆಡಿಸಬಾರದೆಂದು. ಈಗ ಆ ನಗುವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ.

ಸೊನ್ನೆ ಬಂದ ಊರಿಗೆ ಪುಸ್ತಕ ಯಾಕೆಂದು ಅಕ್ಟೋಬರಿನಲ್ಲಿ ನಿನ್ನ ಕಚೇರಿಯ ಲಾರಿ ಬಂತು. ದಿನವನ್ನೂ ಚೆನ್ನಾಗಿ ಆರಿಸಿದ್ದಿರಿ. ಈ ವರ್ಷ ಕಾಣದಷ್ಟು ಬೊಂಡಾಸ್ ಬಂದ ದಿನ. ಬಂದರಿನಲ್ಲಿ ತಲೆಯೆತ್ತಲು ಪುರುಸೊತ್ತಿರಲಿಲ್ಲ. ನಾವು ಮಧ್ಯಾಹ್ನ ಮೆಟ್ಟಿಲು ಹತ್ತಿದರೆ ಗೋಡೆ ಬೋಳು. ಪುಸ್ತಕಗಳನ್ನು ಎಲೆಕೋಸಿನ ಚೀಲಗಳಲ್ಲಿ ತುಂಬಿಕೊಂಡು ಹೋದರೆಂದು ಮಂಜುಗಡ್ಡೆ ಯಂತ್ರದವನು ಹೇಳಿದ. ಮೂರನೆಯ ಸಂಪುಟದಲ್ಲಿ, ನಿಲ್ಲಿಸಿದ ಪುಟಕ್ಕೆ, ನಾನು ಕ್ಯಾಲೆಂಡರಿನ ಚೂರು ಇಟ್ಟಿದ್ದೆ. ಅದೂ ಹೋಯಿತು. ಅದಾದ ವಾರಕ್ಕೆ ಓದುಮನೆಗೆ ಮೈ ಒತ್ತುವ ಕುರ್ಚಿಗಳು ಬಂದವು, ಹಿರಿಯರ ಆರೋಗ್ಯಕ್ಕೆಂದು. ಡೊಕ್‌ಸಿಲ್ ಒಂದು ಸಲ ಕೂತು ಎದ್ದಳು. "ಇದೂ ನಮ್ಮತ್ತೆ ಥರನೇ, ಬೆನ್ನಿಗೇ ಗುದ್ದುತ್ತೆ, ಒಂದು ಕಥೆ ಹೇಳಲ್ಲ" ಎಂದಳು. ಈಗ ಅಲ್ಲಿಗೆ ಯಾರೂ ಹೋಗುವುದಿಲ್ಲ. ಮುಂದಿನ ವರ್ಷ ಅದಕ್ಕೂ ನೀನು ಬಳಕೆಯಿಲ್ಲದ ಕೊಠಡಿ ಎಂದು ಬರೆಯಬಹುದು, ಆಗ ಮಾತ್ರ ನಿಜ ಬರೆದ ಹಾಗಾಗುತ್ತದೆ.

ಅವತ್ತು ಸಂಜೆ ನಿನಗೆ ಫೋನು ಮಾಡಿದೆ. ನೀನು ಹೇಳಿದ್ದು ಎರಡು ಮಾತು. ಮೊದಲನೆಯದು: "ಎಲ್ಲರೂ ತಲೆಗೆ ಐದೈದು ಅಂತ ಹೇಳ್ಬಾರ್ದಿತ್ತಾ ಅಮ್ಮ? ಯಾರು ಬಂದು ಪರೀಕ್ಷೆ ಮಾಡ್ತಿದ್ರು?" ಇದನ್ನು ನಾನು ಕ್ಷಮಿಸಬಲ್ಲೆ, ಕಚೇರಿಯ ಅನ್ನ ತಿನ್ನುವವರ ನಾಲಿಗೆ ಹಾಗೇ ತಿರುಗುತ್ತದೆ. ಎರಡನೆಯದು: "ಅಷ್ಟಕ್ಕೂ ನೀನು ಮಾಡೋದು ಓದೋದಲ್ಲಮ್ಮ, ಅದು ನಾಟ್ಕ." ಇದನ್ನು ಕೇಳಿ ನಾನು ಫೋನು ಇಟ್ಟೆ. ಉತ್ತರ ಈಗ ಹೇಳುತ್ತೇನೆ. ಆ ನಾಟಕದಿಂದ ನಿನ್ನ ಶಾಲೆಯ ಫೀಸು ಹುಟ್ಟಲಿಲ್ಲ, ಅದು ಮೀನಿನಿಂದ ಹುಟ್ಟಿತು, ಒಪ್ಪಿದೆ. ಆದರೆ ಓದು ಎಂದರೆ ಕಣ್ಣು ಅಕ್ಷರದ ಮೇಲೆ ಹರಿಯುವುದು ಮಾತ್ರವಾದರೆ ಇರುವೆಯೂ ಓದುತ್ತದೆ. ಒಂದು ಪುಟ ಕೇಳಿ ಸತ್ತ ಅತ್ತೆಯನ್ನು ಎಬ್ಬಿಸಿ ಬೈದವಳು ಓದಿದವಳು. ಒಂದು ಪುಟಕ್ಕೆ ಇನ್ನೊಂದ್ಸಲ, ಇನ್ನೊಂದ್ಸಲ ಎಂದವಳು ಓದಿದವಳು. ನಿನ್ನ ಜಿಲ್ಲೆಯಲ್ಲಿ ಅವರ ಹಾಗೆ ಓದಿದವರು ಇನ್ನು ಯಾರಿದ್ದಾರೆ, ಕರೆದುಕೊಂಡು ಬಾ, ಎದುರು ಕೂರಿಸು.

ಬೊಂಗ್‌ಸುನ್ ಅಕ್ಕ ಆಸ್ಪತ್ರೆಯಲ್ಲಿದ್ದಾಳೆ. ನಿನಗೆ ತಿಳಿಸಬಾರದೆಂದಿದ್ದೆ. ಹೊಟ್ಟೆಯಲ್ಲಿ ಗಡ್ಡೆ, ತೆರೆದು ನೋಡಿ, ಏನೂ ಮಾಡದೆ ಹಾಗೇ ಹೊಲಿದರು. ನಿನ್ನ ಕಚೇರಿಯಿಂದ ಊಟ ಮುಗಿಸಿ ನಡೆದು ಹೋಗಿ ಬರುವಷ್ಟು ಹತ್ತಿರದ ಆಸ್ಪತ್ರೆ. ಅವಳಿಗೆ ನೋವಿನ ಮಾತಿಲ್ಲ, ಊಟದ ಮಾತಿಲ್ಲ. ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ, "ಪುಸ್ತಕ ಸಿಕ್ತಾ?" ಔಷಧಿ ಅಂಗಡಿಯ ಹುಡುಗ ಫೋನಿನಲ್ಲಿ ದೇಶವೆಲ್ಲ ಹುಡುಕಿದ, ಎಲ್ಲೂ ಮಾರಾಟಕ್ಕಿಲ್ಲ. ಹೋದ ಗುರುವಾರ ನಾನೇ ನಿನ್ನ ಕಚೇರಿಗೆ ಬಂದಿದ್ದೆ. ಹೌದು, ಬಂದಿದ್ದೆ. ಚೀಟಿ ತೆಗೆದುಕೊಂಡು ಬೆಂಚಿನಲ್ಲಿ ಕೂತೆ. ನಿನ್ನ ತಾಯಿ ಎಂದು ಹೇಳಲಿಲ್ಲ. ಹೇಳಿದ್ದರೆ ಕಾಫಿ ಕೊಟ್ಟು ಪಕ್ಕದ ಕೋಣೆಗೆ ಕರೆಯುತ್ತಿದ್ದರೇನೋ, ಆ ಕಾಫಿ ನನಗೆ ಇಳಿಯುತ್ತಿರಲಿಲ್ಲ. ಕೌಂಟರಿನವನು ನಯವಾಗಿಯೇ ಹೇಳಿದ, ಪುಸ್ತಕಗಳು ಗೋದಾಮಿನಲ್ಲಿವೆ, ತಿಂಗಳ ಕೊನೆಗೆ ರದ್ದಿಗೆ ಹೋಗುತ್ತವೆ, ವಿಲೇವಾರಿ ಪಟ್ಟಿಗೆ ಸೇರಿದ್ದನ್ನು ಖಾಸಗಿ ವ್ಯಕ್ತಿಗೆ ಕೊಡಲು ಬರುವುದಿಲ್ಲ, ಬೇಕಾದರೆ ಅರ್ಜಿ ಬರೆದು ಹೋಗಿ, ವಿಭಾಗದ ಮುಖ್ಯಸ್ಥರು ನೋಡುತ್ತಾರೆ ಎಂದು. ನಾನು ಅರ್ಜಿ ಬರೆಯಲಿಲ್ಲ. ಹೆತ್ತ ಮಗನಿಗೆ "ಮಾನ್ಯರೇ" ಎಂದು ಬರೆಯಲು ನನ್ನ ಕೈ ಏಳಲಿಲ್ಲ.

ಅಲ್ಲಿಂದ ಆಸ್ಪತ್ರೆಗೆ ಹೋದೆ. ಅವಳ ಹಾಸಿಗೆಯ ಪಕ್ಕ ಕೂತು, ಅಕ್ಕಾ, ಕೊನೆ ನನಗೆ ನೆನಪಿದೆ, ಹಿಂದೆ ಯಾವಾಗಲೋ ಓದಿದ್ದೆ ಎಂದು ಶುರುಮಾಡಿದೆ. ನಟಿ ಅಲ್ಲವೇ. ಮಂಜು ಕವಿದ ಬಂದರು ಕಟ್ಟಿದೆ, ಹಡಗಿನ ಕೊಂಬು ಊದಿದೆ, ಗಡ್ಡ ಬೆಳೆಸಿಕೊಂಡು ಬಂದ ಮಗನ ದನಿಯನ್ನು ತೆಗೆಯಬೇಕು ಎನ್ನುವಾಗ ಅವಳು ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದಳು. "ನಿಲ್ಸು ಇನ್‌ಗ್ಯು ಅಮ್ಮ. ಅದು ನಿಂದು. ನಿನ್ನ ಕಥೆ ಬೇಡ ನಂಗೆ, ಪುಸ್ತಕದ್ದು ಬೇಕು. ಬರ್ಲಿಲ್ಲ ಅಂದ್ರೂ ಪರ್ವಾಗಿಲ್ಲ. ಬರೆದೋನು ಏನು ಬರ್ದಿದ್ದಾನೋ ಅದು." ಎಪ್ಪತ್ತು ವರ್ಷ ಯಾವ ಪ್ರೇಕ್ಷಕನೂ ನನ್ನನ್ನು ಹೀಗೆ ಹಿಡಿದು ನಿಲ್ಲಿಸಿರಲಿಲ್ಲ. ನರ್ಸು ಬಂದು ಜೋರಾಗಿ ಮಾತಾಡಬೇಡಿ ಎಂದಳು. ನಾನು ಅವಳ ಹೊದಿಕೆ ಎಳೆದು ಸರಿಮಾಡಿದೆ.

ಇದರಲ್ಲಿ ನಾನು ನಿನ್ನಲ್ಲಿ ಏನನ್ನೂ ಬೇಡಿಲ್ಲ, ಗಮನಿಸು. ಸುದ್ದಿ ಹೇಳಿದ್ದೇನೆ ಅಷ್ಟೆ. ನೀನು ಬುದ್ಧಿವಂತ, ಸರ್ಕಾರಿ ಪರೀಕ್ಷೆಯಲ್ಲಿ ಜಿಲ್ಲೆಗೇ ಮೇಲೆ ಬಂದವನು, ಸುದ್ದಿಯಿಂದ ಮಾಡಬೇಕಾದದ್ದು ನಿನಗೆ ಹೊಳೆಯಬೇಕು. ಚಳಿ ಬಿದ್ದಿದೆ, ಒಳಗೆ ದಪ್ಪ ಬನಿಯನ್ ಹಾಕಿಕೋ. ಸೊಸೆಗೆ ಭಾರ ಎತ್ತಬೇಡ ಎನ್ನು. ಸೊಲ್‌ಬಿಗೆ ನನ್ನ ಎರಡು ಕೆನ್ನೆಯ ಮುತ್ತು. ಮುಂದಿನ ಸಲ ಬರುವಾಗ ಹಾಳೆ ಬೇಡ, ಒಂದೇ ಒಂದು ಕಥೆ ಹೊತ್ತು ಬರಲಿ. ನಿಮ್ಮ ಮನೆಯ ದೀಪ ಬೆಳಗುತ್ತಿರಲಿ, ನಿನ್ನ ಮೇಜು ಗಟ್ಟಿಯಾಗಿರಲಿ, ನಿನ್ನ ಎದೆಯುರಿ ಇಳಿಯಲಿ.

ನಿನ್ನನ್ನು ಹೆತ್ತು, ಇನ್ನೂ ಕೂಗುತ್ತಿರುವ
ನಿನ್ನ ಅಮ್ಮ,
ಮಾ ಒಕ್‌ದಾನ್

ಮತ್ತೆ: ಇನ್‌ಗ್ಯು, ಪತ್ರ ಮಡಚುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಬೊಂಗ್‌ಸುನ್ ಅಕ್ಕ ಹೋದಳು. ನಾಲ್ಕು ಗಂಟೆಗೆ. ನಿನಗೆ ಫೋನು ಮಾಡಿದೆ, ಸಭೆಯಲ್ಲಿದ್ದೀಯಂತೆ. ವ್ಯಾನು ಬೆಳಿಗ್ಗೆಗೆ ಬದಲು ಈಗಲೇ ಹೊರಡುತ್ತಿದೆ, ಹಿಂದೆ ಮೀನಿನ ಜಾಗದಲ್ಲಿ ಹೆಂಗಸರೆಲ್ಲ ತುಂಬಿದ್ದಾರೆ, ಕಿಮ್ಚಿ ಡಬ್ಬಕ್ಕೆ ಜಾಗವಿಲ್ಲ, ಇಲ್ಲೇ ಉಳಿಯಿತು. ಈ ಪತ್ರವನ್ನು ನಿನ್ನ ಕಚೇರಿಯ ಕೌಂಟರಿನಲ್ಲಿ ಕೊಟ್ಟು ಹೋಗುತ್ತೇನೆ, ಈ ಸಲ ನಿನ್ನ ತಾಯಿ ಎಂದು ಹೇಳಿಯೇ ಕೊಡುತ್ತೇನೆ. ಆಸ್ಪತ್ರೆಯ ನೆಲಮಾಳಿಗೆಯ ಸಾವಿನ ಕೋಣೆಯಲ್ಲಿ, ಹೆತ್ತ ತಾಯಿಗೆ ಮಕ್ಕಳು ಕೂರುವ ಹಾಗೆ, ಅವಳ ಫೋಟೊ ಇಟ್ಟು ನಾವೇ ಕೂರುತ್ತೇವೆ, ಅವಳಿಗೆ ಬೇರೆ ಯಾರಿದ್ದಾರೆ. ಗುರುವಾರ ಬೆಳಿಗ್ಗೆ ಎತ್ತುತ್ತಾರೆ. ಅಲ್ಲಿಯವರೆಗೂ ಅವಳು ನಮ್ಮ ಜೊತೆ ಇದ್ದಾಳೆ. ಸಾವಿನ ಮನೆಗೆ ಕೊಡುವ ಬಿಳಿ ಲಕೋಟೆಯಲ್ಲಿ ದುಡ್ಡು ಹಾಕಿಕೊಂಡು ಬರಬೇಡ, ಬಂದರೆ ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತೇನೆ. ಗೋದಾಮಿನ ಬೀಗ ತೆಗೆಸು. ಮೂರನೆಯ ಸಂಪುಟ, ಹಸಿರು ರಟ್ಟು, ಒಳಗೆ ಕ್ಯಾಲೆಂಡರಿನ ಚೂರು. ನೀನೇ ಹಿಡಿದು ತಾ. ಆ ಚೂರಿರುವ ಪುಟದಿಂದ ಕೊನೆಯವರೆಗೆ ನಾನು ಅವಳ ಮುಂದೆ ಓದುತ್ತೇನೆ. ಹುಡುಗ ಮನೆಗೆ ಬಂದಿದ್ದರೆ ಬಂದ ಎಂದು ಓದುತ್ತೇನೆ. ಬರದಿದ್ದರೆ ಬರಲಿಲ್ಲ ಎಂದೇ ಓದುತ್ತೇನೆ.